ಅಮೂರ್ತ ಚಿತ್ರ ಬರೆಯುವವರ ದಿನ: ಸ್ಟುಡಿಯೋದಲ್ಲಿ ಕೆಲಸ ಮಾಡುವುದು ಹೇಗೆ

ಅಮೂರ್ತ ಚಿತ್ರ, ಅಂದರೆ ಯಾವ ವಸ್ತುವನ್ನೂ ಇದ್ದ ಹಾಗೆ ತೋರಿಸದೆ ಬರೀ ಬಣ್ಣ, ಗೆರೆ, ಆಕಾರದಲ್ಲಿ ಮಾಡುವ ಚಿತ್ರ, ಶುರುಮಾಡಬೇಕು ಅಂತ ಬರುವವರು ಮೊದಲು ಕೇಳುವುದು ಸಾಮಾನಿನ ಬಗ್ಗೆ. ಯಾವ ಕಂಪನಿಯ ಬಣ್ಣ, ಎಂಥ ಬ್ರಷ್, ಎಷ್ಟು ದೊಡ್ಡ ಕ್ಯಾನ್ವಾಸ್. ಅದನ್ನೆಲ್ಲ ಕೆಳಗೆ ಹೇಳುತ್ತೇನೆ. ಆದರೆ ನಿಜವಾದ ಕಷ್ಟ ಬೇರೆ ಕಡೆ ಇದೆ. ಒಂದು ಮುಖವನ್ನೋ ಅಡಿಕೆ ತೋಟವನ್ನೋ ಬರೆಯುವಾಗ ಎದುರಿಗೆ ಒಂದು ವಸ್ತು ಇರುತ್ತದೆ, ಮೂಗು ಸೊಟ್ಟಗಾದರೆ ಪಕ್ಕದ ಮನೆ ಹುಡುಗನೂ ಹೇಳುತ್ತಾನೆ. ಇಲ್ಲಿ ಹಾಗೆ ಹೋಲಿಸಿ ನೋಡಲು ಏನೂ ಇಲ್ಲ. ಸರಿಯಾಗಿದೆಯೋ ಇಲ್ಲವೋ ಅಂತ ಹೇಳಬೇಕಾದ್ದು ನಿಮ್ಮ ಕಣ್ಣೇ, ಆ ಕಣ್ಣೋ ಎರಡು ಗಂಟೆ ಕೆಲಸ ಮಾಡಿದ ಮೇಲೆ ದಣಿದು, ಎದುರಿಗಿರುವುದೆಲ್ಲ ಚೆನ್ನಾಗಿದೆ ಅನ್ನುತ್ತದೆ, ಇಲ್ಲವೇ ಎಲ್ಲ ಹಾಳಾಯಿತು ಅನ್ನುತ್ತದೆ. ಎರಡೂ ನಂಬುವಂಥದ್ದಲ್ಲ. ಅದಕ್ಕೇ ನಾನು ಹೇಳುವುದು, ಸ್ಟುಡಿಯೋದ ದಿನವನ್ನು ನೋಡುವುದರ ಸುತ್ತ ಕಟ್ಟಿಕೊಳ್ಳಿ. ಬಣ್ಣ ಹಚ್ಚುವ ಹೊತ್ತು ಅದರೊಳಗೆ ತಾನಾಗಿ ಜಾಗ ಮಾಡಿಕೊಳ್ಳುತ್ತದೆ.

ಜಾಗ, ಬೆಳಕು, ಒಂದು ಕುರ್ಚಿ

ದೊಡ್ಡ ಸ್ಟುಡಿಯೋ ಸಿಗಲಿ ಅಂತ ಕಾಯಬೇಡಿ. ಹತ್ತಡಿಗೆ ಹತ್ತಡಿ ಕೋಣೆ ಸಾಕು, ಅದೂ ಇಲ್ಲದಿದ್ದರೆ ಮಹಡಿ ಮೇಲಿನ ಶೀಟಿನ ರೂಮು, ಹಾಲಿನ ಒಂದು ಗೋಡೆ. ಒಂದೇ ಷರತ್ತು: ಚಿತ್ರ ನಿಲ್ಲಿಸುವ ಗೋಡೆಯಿಂದ ಎಂಟು ಅಡಿಯಾದರೂ ಹಿಂದೆ ಸರಿಯಲು ಜಾಗ ಇರಬೇಕು. ಆ ಹಿಂದಿನ ತುದಿಯಲ್ಲಿ ಒಂದು ಕುರ್ಚಿ ಹಾಕಿ. ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡ್) ಇಲ್ಲದೆ ನಡೆಯುತ್ತದೆ, ಗೋಡೆಗೆ ಎರಡು ಮೊಳೆ ಹೊಡೆದು ಕ್ಯಾನ್ವಾಸ್ ಕೂರಿಸಬಹುದು. ಕುರ್ಚಿ ಮಾತ್ರ ಬೇಕೇ ಬೇಕು. ಕೈಯಳತೆಯಲ್ಲಿ ನಿಂತು ಬಣ್ಣ ಹಚ್ಚುವಾಗ ನಿಮಗೆ ಕಾಣುವುದು ಅಂಗೈ ಅಗಲದ ಜಾಗ ಅಷ್ಟೇ, ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುವುದು ಆ ಕುರ್ಚಿಯಿಂದ.

ಬೆಳಕಿನ ವಿಷಯಕ್ಕೆ ಬಂದರೆ, ಉತ್ತರದ ಕಿಟಕಿ ಒಳ್ಳೆಯದು ಅಂತ ಎಲ್ಲ ಕಡೆ ಓದಿರುತ್ತೀರಿ. ಯುರೋಪಿನಂಥ ಕಡೆ ಆ ಕಿಟಕಿಯಿಂದ ನೇರ ಬಿಸಿಲು ಹೆಚ್ಚಾಗಿ ಬರುವುದಿಲ್ಲ, ಬೆಳಕು ದಿನವಿಡೀ ಒಂದೇ ಸಮ ಇರುತ್ತದೆ. ನಮ್ಮಲ್ಲಿ ಪೂರ್ತಿ ಹಾಗಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಅಂದರೆ ಮೇ ತಿಂಗಳಲ್ಲಿ ಉತ್ತರದ ಕಿಟಕಿಯಿಂದಲೂ ಬಿಸಿಲು ಒಳಗೆ ಬೀಳುತ್ತದೆ. ಹಳೆಯ ಬಿಳಿ ಪಂಚೆಯೊಂದನ್ನು ಕಿಟಕಿಗೆ ಕಟ್ಟಿ, ಬೆಳಕು ಹದವಾಗುತ್ತದೆ. ಬಣ್ಣದ ಪರದೆ ಬೇಡ, ಅದರ ಛಾಯೆ ಚಿತ್ರದ ಮೇಲೆ ಬಿದ್ದು ಮೋಸ ಮಾಡುತ್ತದೆ. ಗೋಡೆಗೂ ಅದೇ ಮಾತು, ಬಿಳಿ ಅಥವಾ ತಿಳಿ ಬೂದು ಇರಲಿ. ರಾತ್ರಿ ಕೆಲಸ ಮಾಡುವವರು ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ ಎರಡು ಸಂಖ್ಯೆ ನೋಡಿ: ಬೆಳಕಿನ ಬಣ್ಣ ಹೇಳುವ ಸಂಖ್ಯೆ 5000 ಕೆಲ್ವಿನ್ ಆಸುಪಾಸು, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90ಕ್ಕಿಂತ ಜಾಸ್ತಿ. ಹಳದಿ ಬಲ್ಬಿನ ಕೆಳಗೆ ಬೆರೆಸಿದ ಬೂದು ಬೆಳಿಗ್ಗೆ ನೋಡಿದರೆ ನೀಲಿಯಾಗಿರುತ್ತದೆ.

ಮೊದಲ ಕೆಲವು ತಿಂಗಳು 300 ಜಿಎಸ್‌ಎಮ್ ದಪ್ಪ ಕಾಗದದ ಮೇಲೆ ಮಾಡಿ. ಕಾಗದ ಹಾಳಾದರೆ ಹೊಟ್ಟೆ ಉರಿಯುವುದಿಲ್ಲ, ಹಾಗಾಗಿ ಕೈ ಬಿಡುಬೀಸಾಗಿ ಓಡುತ್ತದೆ. ಕ್ಯಾನ್ವಾಸಿಗೆ ಬಂದಾಗ ನೀವೇ ಬಿಗಿಯುವುದನ್ನು ಕಲಿತರೆ ದುಡ್ಡೂ ಉಳಿಯುತ್ತದೆ, ಬೇಕಾದ ಅಳತೆಯೂ ಸಿಗುತ್ತದೆ. ಬಡಗಿಯ ಹತ್ತಿರ ಒಣಗಿದ ಮರದ ಫ್ರೇಮ್ ಮಾಡಿಸಿ, ಬಟ್ಟೆಯನ್ನು ನಾಲ್ಕೂ ಬದಿಯ ನಡುವಿನಿಂದ ಶುರುಮಾಡಿ ಎದುರುಬದುರು ಎಳೆಯುತ್ತಾ ಮೂಲೆಗಳ ಕಡೆ ಸ್ಟೇಪಲ್ ಹೊಡೆಯುತ್ತಾ ಹೋಗಿ. ಮೂಲೆಯಿಂದ ಶುರುಮಾಡಿದರೆ ಸುಕ್ಕು ಬೀಳುತ್ತದೆ. ಆಮೇಲೆ ಜೆಸ್ಸೋ (ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ಬಿಳಿ) ಎರಡು ಮೂರು ತೆಳು ಪದರ, ಒಂದು ಒಣಗಿದ ಮೇಲೆ ಇನ್ನೊಂದು, ನಡುವೆ ಸ್ಯಾಂಡ್ ಪೇಪರಿನಲ್ಲಿ ಹಗುರವಾಗಿ ಉಜ್ಜಿ.

ಬೆಳಿಗ್ಗೆ ಮೊದಲ ಅರ್ಧ ಗಂಟೆ ಬ್ರಷ್ ಮುಟ್ಟಬೇಡಿ

ಒಳಗೆ ಬಂದವರು ನೇರ ಕುರ್ಚಿಗೆ ಹೋಗಿ ಕೂತು ನಿನ್ನೆಯ ಚಿತ್ರ ನೋಡಿ. ಫೋನ್ ಹೊರಗಿರಲಿ, ಕಾಫಿ ಒಳಗಿರಲಿ. ಬಾಗಿಲು ತೆಗೆದ ಮೊದಲ ನಾಲ್ಕೈದು ಸೆಕೆಂಡಿನಲ್ಲಿ ಕಣ್ಣು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿ ಸಿಕ್ಕಿಹಾಕಿಕೊಂಡಿತು ಅನ್ನುವುದು ಇಡೀ ದಿನದಲ್ಲಿ ನಿಮಗೆ ಸಿಗುವ ಅತಿ ನಂಬಿಕಸ್ಥ ಸುಳಿವು. ಹತ್ತು ನಿಮಿಷ ಕಳೆದರೆ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ. ಹಾಗಾಗಿ ಅದನ್ನು ತಕ್ಷಣ ಒಂದು ಪುಸ್ತಕದಲ್ಲಿ ಬರೆದಿಡಿ, ಎರಡು ಸಾಲು ಸಾಕು. "ಬಲಗಡೆ ಮೇಲಿನ ಮೂಲೆ ಎಳೀತಿದೆ." "ನಡುವೆ ಏನೂ ಆಗ್ತಿಲ್ಲ." "ಕೆಳಗಿನ ಬೂದು ಸರಿಯಾಗಿದೆ, ಮುಟ್ಟಬೇಡ." ಯಾಕೋ ಮನಸ್ಸಿಗೆ ಹಿಡಿಸ್ತಿಲ್ಲ ಅಂತ ಬರೆದರೆ ಉಪಯೋಗ ಇಲ್ಲ. ಯಾವ ಜಾಗ, ಅಲ್ಲಿ ಏನು, ಇಷ್ಟು ಇರಬೇಕು.

ನಸ್ರೀನ್ ಮೊಹಮದಿ (1937–1990) ಬರೋಡಾದಲ್ಲಿ ಪಾಠ ಮಾಡುತ್ತಾ, ಪೆನ್ಸಿಲ್ಲು, ಶಾಯಿ, ಅಳತೆಯ ಸಲಕರಣೆ ಇಟ್ಟುಕೊಂಡು ಬರೀ ಗೆರೆಗಳಲ್ಲೇ ಚಿತ್ರ ಮಾಡಿದವರು. ಅವರ ಡೈರಿಗಳು ಉಳಿದಿವೆ. ಕೆಲವು ಪುಟಗಳಲ್ಲಿ ಬರೆದ ಸಾಲುಗಳ ಮೇಲೇ ಪಟ್ಟಿ ಎಳೆದು, ತುಂಬಿಸಿ, ಆ ಪುಟವನ್ನೇ ಒಂದು ಚಿತ್ರದ ಹಾಗೆ ಮಾಡಿದ್ದಾರೆ. ಬರೆಯುವುದೂ ನೋಡುವುದೂ ಅವರಲ್ಲಿ ಒಂದೇ ಕೆಲಸ ಆಗಿತ್ತು ಅನ್ನಿಸುತ್ತದೆ. ಚಿತ್ರಕಾರ ಎಸ್. ಎಚ್. ರಜಾ (1922–2016) ಅವರೂ ಬಾಲ್ಯದ ಒಂದು ವಿಷಯ ಹೇಳುತ್ತಿದ್ದರು. ಮನಸ್ಸು ಒಂದು ಕಡೆ ನಿಲ್ಲದ ಹುಡುಗನಿಗೆ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನೇ ನೋಡು ಅಂದಿದ್ದರಂತೆ. ಮುಂದೆ ಅವರ ಚಿತ್ರಗಳ ನಡುವೆ ಬಿಂದು ಬಂದು ಕೂತಿದ್ದನ್ನು ಎಲ್ಲರೂ ಬಲ್ಲರು. ಕೂತು ನೋಡುವುದನ್ನು ಸೋಮಾರಿತನ ಅಂತ ಮನೆಯವರು ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಕೆಲಸದ ದೊಡ್ಡ ಪಾಲು.

ಆಮೇಲೆ ಕೈ ಸಡಿಲ ಮಾಡಿಕೊಳ್ಳಲು ಒಂದಿಷ್ಟು ಚಿಕ್ಕ ಕಾಗದ, ಬರೀ ಕಪ್ಪು ಬಣ್ಣ. ಹದಿನೈದು ನಿಮಿಷ ಗೆರೆ, ಚುಕ್ಕೆ, ಒತ್ತಡ. ಇವು ಯಾರಿಗೂ ತೋರಿಸುವುದಕ್ಕಲ್ಲ.

ಶುರು ಎಲ್ಲಿಂದ

ಖಾಲಿ ಕ್ಯಾನ್ವಾಸಿನ ಮುಂದೆ ನಿಂತು ಮನಸ್ಸಿಗೆ ಬಂದದ್ದನ್ನು ಹಚ್ಚಿ ಅನ್ನುವವರು ಬಹಳ ಜನ. ಹಾಗೆ ಹಚ್ಚಿದರೆ ಮನಸ್ಸಿಗೆ ಪದೇ ಪದೇ ಬರುವುದು ಅದೇ ನಾಲ್ಕು ಆಕಾರ, ಅದೇ ಎರಡು ಬಣ್ಣ. ಹೊರಗೆ ಕಂಡ ಒಂದು ವಸ್ತುವಿನಿಂದ ಶುರುಮಾಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಆ ವಸ್ತುವನ್ನು ಬರೆಯಬಾರದು, ಅದರ ಲೆಕ್ಕ ಮಾತ್ರ ತೆಗೆದುಕೊಳ್ಳಬೇಕು.

ಮಳೆಗಾಲದಲ್ಲಿ ಕರಾವಳಿ ಕಡೆ ಹೋದರೆ ಗಾರೆ ಮಾಡದ ಕೆಂಪುಕಲ್ಲಿನ ಕಾಂಪೌಂಡ್ ಗೋಡೆ ನೋಡಿ. ಎರಡು ತಿಂಗಳ ಮಳೆಗೆ ಅದು ಕೆಂಪಾಗಿ ಉಳಿದಿರುವುದಿಲ್ಲ. ಮೇಲಿನಿಂದ ಕಪ್ಪು ಇಳಿದಿರುತ್ತದೆ, ಕಲ್ಲಿನ ತೂತುಗಳ ಒಳಗೆ ಮಾತ್ರ ಕೆಂಪು ಉಳಿದಿರುತ್ತದೆ, ಕಲ್ಲು ಕಲ್ಲಿನ ಸಂದಿಯಲ್ಲಿ ಪಾಚಿಯ ಹಸಿರು ಒಂದು ಸಣ್ಣ ಗೆರೆಯಾಗಿ ಹೋಗಿರುತ್ತದೆ. ಇದನ್ನು ಪುಸ್ತಕದಲ್ಲಿ ಹೀಗೆ ಬರೆದುಕೊಳ್ಳಿ: ಹತ್ತು ಪಾಲಿನಲ್ಲಿ ಕಪ್ಪು ಆರು, ಕೆಂಪು ಮೂರು, ಹಸಿರು ಒಂದಕ್ಕಿಂತ ಕಮ್ಮಿ. ಕಪ್ಪಿನ ಕೆಳಗಿನ ಅಂಚು ಮೆತ್ತಗೆ ಕರಗಿದೆ, ಕಲ್ಲಿನ ಸಂದಿ ಗಟ್ಟಿ. ಕೆಂಪು ಚೂರು ಚೂರಾಗಿದೆ, ಎಲ್ಲೂ ಒಟ್ಟಾಗಿಲ್ಲ. ಇಷ್ಟೇ. ಸ್ಟುಡಿಯೋಗೆ ಬಂದು ಇದೇ ಲೆಕ್ಕವನ್ನು ನೀಲಿ, ಮಣ್ಣುಹಳದಿ, ಬಿಳಿಗೆ ಹಾಕಿ ನೋಡಿ. ಗೋಡೆ ಎಲ್ಲೂ ಕಾಣುವುದಿಲ್ಲ, ಆದರೆ ಗೋಡೆಯ ತೂಕ ಬಂದಿರುತ್ತದೆ.

ಗೆರೆ ಮತ್ತು ಖಾಲಿ ಜಾಗ ಕಲಿಯಬೇಕು ಅನ್ನುವವರು ಶಿವಮೊಗ್ಗ, ಸಾಗರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ನೋಡಬೇಕು. ಪುಂಡಿ ನಾರಿನ ಕುಂಚ, ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಬಣ್ಣ ಇಷ್ಟೇ ಇದ್ದರೂ ಗೆರೆಗಳ ನಡುವಿನ ಅಂತರ ಒಂದು ಕೂದಲೆಳೆ ಹೆಚ್ಚು ಕಮ್ಮಿ ಆಗದ ಹಾಗೆ ಕೈ ನಿಲ್ಲಿಸುತ್ತಾರೆ. ಅದನ್ನು ನಿಮ್ಮ ಕ್ಯಾನ್ವಾಸಿಗೆ ಎತ್ತಿಕೊಂಡು ಬರಬೇಡಿ, ಅದು ಅವರದ್ದು, ಅದಕ್ಕೊಂದು ಮದುವೆ, ಒಂದು ಹಬ್ಬ ಇದೆ. ಅಂತರ ಹೇಗೆ ಇಡುತ್ತಾರೆ ಅನ್ನುವುದನ್ನು ಮಾತ್ರ ಕಲಿಯಿರಿ.

ಬಣ್ಣ ಕಡಿಮೆ ಇರಲಿ

ಇಪ್ಪತ್ತನಾಲ್ಕು ಟ್ಯೂಬಿನ ಪೆಟ್ಟಿಗೆ ಬೇಡ. ಟೈಟೇನಿಯಮ್ ವೈಟ್, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್. ಇದರ ಜೊತೆ ನಿಮಗಿಷ್ಟವಾದ ಒಂದು ಜೋರು ಬಣ್ಣ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಪ್ಪಿಗೆ ತೀರಾ ಹತ್ತಿರದ ಬಣ್ಣ ಬರುತ್ತದೆ. ನೀಲಿ ಸ್ವಲ್ಪ ಜಾಸ್ತಿ ಹಾಕಿದರೆ ತಣ್ಣನೆಯ ಕಪ್ಪು, ಕಂದು ಜಾಸ್ತಿಯಾದರೆ ಬೆಚ್ಚನೆಯದು. ಅದಕ್ಕೆ ಬಿಳಿ ಸೇರಿಸುತ್ತಾ ಹೋದರೆ ಬೂದುಗಳ ಒಂದು ದೊಡ್ಡ ಸಂಸಾರವೇ ಸಿಗುತ್ತದೆ, ಟ್ಯೂಬಿನ ಕಪ್ಪಿನಿಂದ ಇದು ಬರುವುದಿಲ್ಲ. ಥಾಲೋ ನೀಲಿ, ಥಾಲೋ ಹಸಿರು ಕೊಂಡಿದ್ದರೆ ಹುಷಾರು, ಬಟಾಣಿ ಕಾಳಿನಷ್ಟು ಬಿದ್ದರೂ ಇಡೀ ಪ್ಯಾಲೆಟ್ (ಬಣ್ಣ ಬೆರೆಸುವ ಹಲಗೆ) ನುಂಗುತ್ತದೆ.

ಟ್ಯೂಬಿನ ಮೇಲಿನ ಚಂದದ ಹೆಸರು ನೋಡಿ ಕೊಳ್ಳಬೇಡಿ, ಹಿಂದೆ ಸಣ್ಣಕ್ಷರದಲ್ಲಿರುವ ಪಿಗ್ಮೆಂಟ್ (ಬಣ್ಣ ಕೊಡುವ ಪುಡಿ) ಸಂಖ್ಯೆ ನೋಡಿ. ಪಿಬಿ29 ಅಂದರೆ ಅಲ್ಟ್ರಾಮರೀನ್, ಪಿಡಬ್ಲ್ಯು6 ಅಂದರೆ ಟೈಟೇನಿಯಮ್ ಬಿಳಿ, ಕಂಪನಿ ಯಾವುದೇ ಇರಲಿ. ಒಂದೊಂದೇ ಪಿಗ್ಮೆಂಟ್ ಇರುವ ಬಣ್ಣಗಳನ್ನು ಬೆರೆಸಿದರೆ ಶುದ್ಧವಾಗಿ ಬರುತ್ತವೆ, ಮೂರು ನಾಲ್ಕು ಪಿಗ್ಮೆಂಟ್ ಸೇರಿಸಿ ಮಾಡಿದವು ಬೇಗ ಕೆಸರಾಗುತ್ತವೆ. ವಿದ್ಯಾರ್ಥಿಗಳ ದರ್ಜೆಯ ಬಣ್ಣದಲ್ಲಿ ಪಿಗ್ಮೆಂಟ್ ಕಡಿಮೆ, ಹಾಗಾಗಿ ಪದರ ಜಾಸ್ತಿ ಬೇಕು. ಕಲಿಯಲು ಅದು ಸಾಕು. ದುಡ್ಡು ಇದ್ದರೆ ಮೊದಲು ಬಿಳಿಯನ್ನು ಒಳ್ಳೆಯದು ತಗೊಳ್ಳಿ, ಜಾಸ್ತಿ ಖರ್ಚಾಗುವುದೂ ಅದೇ, ಎಲ್ಲ ಬಣ್ಣಕ್ಕೂ ಸೇರುವುದೂ ಅದೇ. ಬ್ರಷ್‌ಗಿಂತ ಹಾರ್ಡ್‌ವೇರ್ ಅಂಗಡಿಯ ಪುಟ್ಟಿ ಬ್ಲೇಡ್, ಸಣ್ಣ ರೋಲರ್, ಹಳೆಯ ಬನಿಯನ್ ಬಟ್ಟೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಪದರ ಮತ್ತು ಕಾಯುವುದು

ಅಕ್ರಿಲಿಕ್, ಅಂದರೆ ನೀರು ಬೆರೆಸಿ ಹಚ್ಚುವ ಬಣ್ಣ, ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಅದರಲ್ಲಿರುವ ಅಂಟು ಹಸಿಯಿದ್ದಾಗ ಹಾಲಿನ ಹಾಗೆ ಬೆಳ್ಳಗಿದ್ದು, ಒಣಗಿದಾಗ ಗಾಜಿನ ಹಾಗೆ ತಿಳಿಯಾಗುತ್ತದೆ, ಕಾರಣ ಅದೇ. ಅಮೂರ್ತ ಚಿತ್ರದಲ್ಲಿ ಎರಡು ಬೂದುಗಳ ನಡುವಿನ ಸಣ್ಣ ವ್ಯತ್ಯಾಸದ ಮೇಲೇ ಇಡೀ ಚಿತ್ರ ನಿಂತಿರಬಹುದು, ಹಾಗಾಗಿ ಬೆರೆಸಿದ ಬಣ್ಣವನ್ನು ಮೊದಲು ಒಂದು ಕಾಗದದ ಪಟ್ಟಿಗೆ ಹಚ್ಚಿ ಒಣಗಿಸಿ, ಕ್ಯಾನ್ವಾಸಿನ ಪಕ್ಕ ಹಿಡಿದು ನೋಡಿ, ಆಮೇಲೆ ಹಚ್ಚಿ. ಆ ಪಟ್ಟಿಗಳನ್ನು ಬಿಸಾಡಬೇಡಿ. ಯಾವ ಬಣ್ಣಕ್ಕೆ ಯಾವುದು ಎಷ್ಟು ಅಂತ ಹಿಂದೆ ಬರೆದು ದಾರಕ್ಕೆ ಪೋಣಿಸಿಡಿ.

ಎಣ್ಣೆಬಣ್ಣದವರಿಗೆ ಬೇರೆ ನಿಯಮ. ಕೆಳಗಿನ ಪದರ ತೆಳುವಾಗಿ, ಎಣ್ಣೆ ಕಮ್ಮಿ ಇರಬೇಕು, ಮೇಲೆ ಹೋಗುತ್ತಾ ಎಣ್ಣೆ ಹೆಚ್ಚಬೇಕು. ತಿರುಗಾಮುರುಗಾ ಮಾಡಿದರೆ ಮೇಲಿನದು ಬೇಗ ಒಣಗಿ, ಕೆಳಗಿನದು ಇನ್ನೂ ಅಲುಗಾಡುತ್ತಾ ಮುಂದೆ ಬಿರುಕು ಬಿಡುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆ ಹಚ್ಚಬಹುದು, ಎಣ್ಣೆಯ ಮೇಲೆ ಅಕ್ರಿಲಿಕ್ ಹಚ್ಚಬೇಡಿ, ಹಿಡಿಯುವುದಿಲ್ಲ.

ಒಂದು ಪದರ ಒಣಗುವಾಗ ಕೈ ಸುಮ್ನಿರುವುದಿಲ್ಲ, ಅಲ್ವಾ? ಹಸಿ ಬಣ್ಣವನ್ನು ಕೆದಕುವುದು, ಇನ್ನೊಂದು ಚೂರು ಸರಿಮಾಡುತ್ತೇನೆ ಅಂತ ಹೋಗುವುದು, ಅರ್ಧಕ್ಕರ್ಧ ಚಿತ್ರ ಕೆಡುವುದು ಇಲ್ಲೇ. ಅದಕ್ಕೆ ಎರಡು ಮೂರು ಚಿತ್ರ ಒಟ್ಟಿಗೆ ನಡೆಸಿ. ಒಂದು ಒಣಗುವಾಗ ಇನ್ನೊಂದಕ್ಕೆ ಹೋಗಿ. ಒಂದರಲ್ಲಿ ಸಿಕ್ಕ ವಿಷಯ ಇನ್ನೊಂದಕ್ಕೆ ದಾರಿ ತೋರಿಸುವುದೂ ಉಂಟು.

ವಾಸುದೇವ ಗಾಯ್ತೊಂಡೆ (1924–2001) ರೋಲರ್ ಮತ್ತು ಪ್ಯಾಲೆಟ್ ನೈಫ್ ಹಿಡಿದು ಬಣ್ಣ ಹಾಕುವುದು, ಕೆರೆದು ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿದ್ದರು. ವರ್ಷಕ್ಕೆ ಮುಗಿಸುತ್ತಿದ್ದ ಕ್ಯಾನ್ವಾಸ್ ಬೆರಳೆಣಿಕೆಯಷ್ಟು. ಉಳಿದ ಹೊತ್ತೆಲ್ಲ ಎಲ್ಲಿ ಹೋಗುತ್ತಿತ್ತು ಅಂತ ಅವರ ಚಿತ್ರದ ಮುಂದೆ ನಿಂತರೆ ಗೊತ್ತಾಗುತ್ತದೆ. ಬೆಳಕು ಮೇಲಿನಿಂದ ಬಿದ್ದದ್ದಲ್ಲ, ಪದರಗಳ ಒಳಗಿನಿಂದ ಬರುತ್ತದೆ. ಬಣ್ಣ ಹಾಕುವುದರಷ್ಟೇ ತೆಗೆಯುವುದನ್ನೂ ಕಲಿಯಿರಿ. ಅರೆ ಒಣಗಿದಾಗ ಒದ್ದೆ ಬಟ್ಟೆಯಲ್ಲಿ ಒತ್ತಿ ಎತ್ತುವುದು, ಪೂರ್ತಿ ಒಣಗಿದ ಮೇಲೆ ನೀರು ಹಾಕಿ ಸ್ಯಾಂಡ್ ಪೇಪರಿನಲ್ಲಿ ಉಜ್ಜುವುದು, ಬ್ಲೇಡಿನಲ್ಲಿ ಕೆರೆಯುವುದು, ಮೂರಕ್ಕೂ ಮೂರು ಬೇರೆ ಮೈ ಸಿಗುತ್ತದೆ.

ನಡುವೆ ಪರೀಕ್ಷೆ

ಗಂಟೆಗೊಮ್ಮೆ ನಿಲ್ಲಿಸಿ ಕುರ್ಚಿಗೆ ಹೋಗಿ. ಕಣ್ಣಿಗೆ ಅಭ್ಯಾಸವಾದದ್ದನ್ನು ಮುರಿಯುವ ಉಪಾಯಗಳು ಇವೆ. ಚಿತ್ರವನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಭಾರ ಎಲ್ಲಿದೆ ಅಂತ ತಕ್ಷಣ ಕಾಣುತ್ತದೆ. ಬೆನ್ನು ತಿರುಗಿಸಿ ಕನ್ನಡಿಯಲ್ಲಿ ನೋಡಿ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಬಣ್ಣದಲ್ಲಿ ಬೇರೆ ಬೇರೆ ಕಂಡ ಕೆಂಪು ಹಸಿರು ಎರಡೂ ಒಂದೇ ಬೂದಾಗಿದ್ದರೆ, ಚಿತ್ರ ಯಾಕೆ ಚಪ್ಪಟೆ ಅನ್ನಿಸುತ್ತಿತ್ತು ಅನ್ನುವುದಕ್ಕೆ ಉತ್ತರ ಸಿಕ್ಕಿತು.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಕಾಗದದ ಚೂರಿನ ಪರೀಕ್ಷೆ. ಈಗ ನನ್ನ ಗೋಡೆಯ ಮೇಲಿರುವ ಚಿತ್ರವನ್ನೇ ಹೇಳುತ್ತೇನೆ. ನಾಲ್ಕು ಅಡಿಗೆ ಮೂರು ಅಡಿ. ಮುಕ್ಕಾಲು ಭಾಗ ಗಾಢ ಬೂದು, ಎಡಗಡೆ ಮೇಲಿನಿಂದ ಇಳಿಯುವ ಕಾವಿ ಬಣ್ಣದ ಒಂದು ಪಟ್ಟಿ. ಬೆಳಿಗ್ಗೆ ನೋಡಿದಾಗ ಆ ಪಟ್ಟಿ ಒಂಟಿಯಾಗಿ ಕಂಡಿತು, ಬಲಗಡೆ ಸ್ವಲ್ಪ ಹಳದಿ ಬೇಕು ಅನ್ನಿಸಿತು. ಕ್ಯಾನ್ವಾಸಿಗೆ ಹೋಗಲಿಲ್ಲ. ಒಂದು ಕಾಗದಕ್ಕೆ ಯೆಲ್ಲೋ ಓಕರ್ ಹಚ್ಚಿ ಒಣಗಿಸಿ, ಬೆಂಕಿಪೊಟ್ಟಣದಷ್ಟು ಹರಿದು, ಹಿಂದೆ ಮಾಸ್ಕಿಂಗ್ ಟೇಪ್ ಸುತ್ತಿ ಬಲ ಅಂಚಿಗೆ ಅಂಟಿಸಿ ಕುರ್ಚಿಗೆ ಬಂದೆ. ಅಂಚಿನಲ್ಲಿದ್ದ ಹಳದಿ ಕಣ್ಣನ್ನು ಚಿತ್ರದಿಂದ ಹೊರಗೆ ಎಳೆದುಕೊಂಡು ಹೋಯಿತು. ನಾಲ್ಕು ಬೆರಳು ಒಳಗೆ ತಂದೆ. ಈಗ ಕಾವಿಗೂ ಹಳದಿಗೂ ಜಗಳ, ಎರಡೂ ಸಮಬಲ. ಚೂರನ್ನು ಅರ್ಧ ಮಾಡಿದೆ, ಅದರ ಮೇಲೆ ತೆಳುವಾಗಿ ಬೂದು ಎಳೆದೆ. ಜಗಳ ನಿಂತಿತು, ಆದರೆ ಅದು ಅಲ್ಲಿ ಯಾಕಿದೆ ಅಂತ ಗೊತ್ತಾಗಲಿಲ್ಲ. ಕೊನೆಗೆ ಕಾಗದ ಕಿತ್ತು ಬರೀ ಚಿತ್ರ ನೋಡಿದಾಗ ವಿಷಯ ಬಿಡಿಸಿತು. ಪಟ್ಟಿ ಒಂಟಿಯಾಗಿರಲಿಲ್ಲ, ಅದರ ಪಕ್ಕದ ಬೂದು ಎಲ್ಲ ಕಡೆ ಒಂದೇ ಸಮ ಇತ್ತು. ಆ ಬೂದಿನ ಮೇಲೆ ಬಲಕ್ಕೆ ಹೋಗುತ್ತಾ ನೀರಾದ ಅಲ್ಟ್ರಾಮರೀನ್ ಒಂದು ತೆಳು ಪದರ ಎಳೆದೆ, ಅಷ್ಟೇ. ಕಾವಿ ಬೆಚ್ಚಗಾಯಿತು, ಹಳದಿ ಬೇಕಾಗಲೇ ಇಲ್ಲ. ಇಡೀ ಪರೀಕ್ಷೆಗೆ ಖರ್ಚಾದದ್ದು ಒಂದು ಚೂರು ಕಾಗದ.

ದಾರಿ ಕಾಣದಾದಾಗ

ಪ್ರತಿ ಚಿತ್ರಕ್ಕೂ ಇದು ಬರುತ್ತದೆ. ಮೊದಲು ನೋಡಬೇಕಾದ್ದು, ನೀವು ತುಂಬಾ ಪ್ರೀತಿಸುವ ಒಂದು ಜಾಗ ಆ ಚಿತ್ರದಲ್ಲಿದೆಯಾ ಅಂತ. ಸಾಮಾನ್ಯವಾಗಿ ಇರುತ್ತದೆ. ಮೊದಲ ದಿನವೇ ತಾನಾಗಿ ಬಂದ ಒಂದು ಸುಂದರ ಕಲೆ, ಅದನ್ನು ಉಳಿಸಿಕೊಳ್ಳಲು ಉಳಿದದ್ದನ್ನೆಲ್ಲ ಅದಕ್ಕೆ ತಕ್ಕಂತೆ ಬಗ್ಗಿಸುತ್ತಿರುತ್ತೀರಿ, ಚಿತ್ರ ಅಲ್ಲೇ ಕಟ್ಟಿಹೋಗಿರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಅದರ ಮೇಲೆ ಬಣ್ಣ ಎಳೆಯಿರಿ. ನೋವಾಗುತ್ತದೆ. ಆದರೆ ಅದು ಹೋದ ಮೇಲೆ ಉಳಿದ ಚಿತ್ರ ಉಸಿರಾಡುವುದನ್ನು ನೀವೇ ನೋಡುತ್ತೀರಿ.

ಅದರಿಂದಲೂ ಆಗದಿದ್ದರೆ ಚಿತ್ರದ ಮುಖ ಗೋಡೆಗೆ ತಿರುಗಿಸಿಡಿ, ಎರಡು ವಾರ ನೋಡಬೇಡಿ. ಅಥವಾ ಇಡೀ ಚಿತ್ರದ ಮೇಲೆ ನೀರಾದ ಒಂದೇ ಬಣ್ಣ ಎಳೆದು ಎಲ್ಲವನ್ನೂ ಹತ್ತಿರ ತನ್ನಿ, ಆಮೇಲೆ ಬೇಕಾದ್ದನ್ನು ಒರೆಸಿ ಮೇಲಕ್ಕೆತ್ತಿ. ಕಾಗದದ ಮೇಲಿನ ಚಿತ್ರವಾದರೆ ಎಲ್ ಆಕಾರದ ಎರಡು ರಟ್ಟಿನ ತುಂಡು ಇಟ್ಟು ಸರಿಸುತ್ತಾ ಹೋಗಿ, ದೊಡ್ಡ ಚಿತ್ರದೊಳಗೆ ಚಿಕ್ಕದೊಂದು ಪೂರ್ತಿಯಾಗಿ ಕೂತಿರಬಹುದು. ಕತ್ತರಿಸಿ ತೆಗೆಯಿರಿ.

ಅಳತೆ ಬದಲಾಯಿಸುವುದೂ ಒಂದು ದಾರಿ. ಅಮೆರಿಕದ ಚಿತ್ರಕಾರ್ತಿ ಆಗ್ನೆಸ್ ಮಾರ್ಟಿನ್ (1912–2004) ದಶಕಗಳ ಕಾಲ ಆರು ಅಡಿ ಚೌಕದ ಕ್ಯಾನ್ವಾಸ್ ಮೇಲೆ ಕೆಲಸ ಮಾಡಿ, ವಯಸ್ಸಾದ ಮೇಲೆ ಅಷ್ಟು ದೊಡ್ಡದನ್ನು ಎತ್ತಿ ಇಳಿಸಲಾಗದೆ ಐದು ಅಡಿಗೆ ಬಂದರು. ಕೈ, ತೋಳು, ಎತ್ತರ, ಕೋಣೆಯ ಬಾಗಿಲು, ಎಲ್ಲವೂ ಅಳತೆ ಹೇಳುತ್ತವೆ. ನಿಮ್ಮ ತೋಳು ಸಲೀಸಾಗಿ ಓಡುವಷ್ಟು ಅಗಲ ಯಾವುದು ಅಂತ ಕಂಡುಕೊಂಡು, ಸ್ವಲ್ಪ ಕಾಲ ಅದೊಂದೇ ಅಳತೆಯಲ್ಲಿ ಕೆಲಸ ಮಾಡಿ.

ಎಲ್ಲಿ ನಿಲ್ಲಿಸಬೇಕು

ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ, ಆದರೆ ಗುರುತುಗಳಿವೆ. ನೀವು ದೊಡ್ಡ ಬ್ರಷ್ ಕೆಳಗಿಟ್ಟು ಚಿಕ್ಕ ಬ್ರಷ್ ಹಿಡಿದು ಅಂಚುಗಳನ್ನು ಒಪ್ಪ ಮಾಡುತ್ತಿದ್ದರೆ, ಚಿತ್ರ ಬಹುಶಃ ಒಂದು ಗಂಟೆ ಮುಂಚೆಯೇ ಮುಗಿದಿದೆ. ಬೆಳಗಿನ ಪುಸ್ತಕ ತೆಗೆದು ನೋಡಿ. ಮೂರು ಬೆಳಿಗ್ಗೆ ಸಾಲಾಗಿ ಬರೆಯಲು ಹೊಸದೇನೂ ಸಿಗದಿದ್ದರೆ, ಕಣ್ಣು ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಓಡಾಡುತ್ತಿದ್ದರೆ, ನಿಲ್ಲಿಸಿ. ಒಂದು ಜಾಗ ಸ್ವಲ್ಪ ಒರಟಾಗಿ ಉಳಿದಿದೆ ಅನ್ನಿಸಿದರೂ ಪರವಾಗಿಲ್ಲ. ಒಪ್ಪ ಮಾಡಿ ಕೊಂದ ಚಿತ್ರಕ್ಕಿಂತ ಒರಟಾಗಿ ಬದುಕಿದ ಚಿತ್ರ ಮೇಲು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಸಂಜೆ ತೊಳೆಯುವ ಹೊತ್ತು

ಬ್ರಷ್‌ನಲ್ಲಿ ಅಕ್ರಿಲಿಕ್ ಒಣಗಲು ಬಿಡಬೇಡಿ, ಒಣಗಿದರೆ ಅದು ಪ್ಲಾಸ್ಟಿಕ್. ಬ್ರಷ್ ತೊಳೆದ ನೀರನ್ನು ಸಿಂಕಿಗೆ ಸುರಿಯದೆ ಬಕೆಟ್‌ನಲ್ಲಿ ಬಿಡಿ. ಬಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ನೀರು ಚೆಲ್ಲಿ, ತಳದ ಕೆಸರನ್ನು ಒಣಗಿಸಿ ಕಸಕ್ಕೆ ಹಾಕಿ.

ಎಣ್ಣೆಬಣ್ಣದವರು ಇದನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ: ಲಿನ್‌ಸೀಡ್ (ಅಗಸೆ) ಎಣ್ಣೆ ಹತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕ ಹೀರಿಕೊಂಡು ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಕಡ್ಡಿ ಗೀರುವುದೇ ಬೇಡ. ಬಟ್ಟೆಗಳನ್ನು ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಡಿ. ಟರ್ಪೆಂಟೈನ್ ತೆರೆದಿದ್ದರೆ ಕಿಟಕಿಯೂ ತೆರೆದಿರಲಿ. ಕ್ಯಾಡ್ಮಿಯಮ್ ಇರುವ ಬಣ್ಣವನ್ನು ಒಣಗಿಸಿ ಉಜ್ಜಬೇಡಿ, ಆ ಪುಡಿ ವಿಷ. ನಾವು ಕೈಯಲ್ಲಿ ಊಟ ಮಾಡುವವರು, ಉಗುರಿನ ಸಂದಿಯನ್ನೂ ಸೋಪು ಹಾಕಿ ತೊಳೆದು ಊಟಕ್ಕೆ ಕೂರಿ.

ಮಳೆಗಾಲ, ಬೇಸಿಗೆ

ಮಂಗಳೂರು, ಕಾರವಾರ, ಮಲೆನಾಡಿನಲ್ಲಿ ಇರುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟಿನ ಕಾಟ. ಅದು ಮೊದಲು ಹಿಡಿಯುವುದು ಕ್ಯಾನ್ವಾಸಿನ ಬೆನ್ನಿಗೆ. ಚಿತ್ರವನ್ನು ಗೋಡೆಗೆ ತಾಗಿಸಿ ಇಡಬೇಡಿ, ಹಿಂದೆ ಗಾಳಿಯಾಡಲಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡುವುದು ಬೂಷ್ಟಿಗೆ ಆಹ್ವಾನ ಕೊಟ್ಟ ಹಾಗೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ಉಲ್ಟಾ, ಅಕ್ರಿಲಿಕ್ ಪ್ಯಾಲೆಟ್ ಮೇಲೇ ಒಣಗಿಹೋಗುತ್ತದೆ. ಅಗಲವಾದ ಒಂದು ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಹಾಕಿ, ಮುಚ್ಚಳ ಮುಚ್ಚಿದರೆ ಮಾರನೇ ದಿನವೂ ಹಸಿ ಇರುತ್ತದೆ.

ಕೆಲಸಕ್ಕೆ ಹೋಗುವವರು

ದಿನವಿಡೀ ಸ್ಟುಡಿಯೋದಲ್ಲಿರುವ ಭಾಗ್ಯ ಎಲ್ಲರಿಗೂ ಇಲ್ಲ. ಆಫೀಸಿಗೆ ಹೊರಡುವ ಮುಂಚೆ ಹತ್ತು ನಿಮಿಷ ಕುರ್ಚಿ, ಎರಡು ಸಾಲು ಪುಸ್ತಕ. ಇದನ್ನು ತಪ್ಪಿಸಬೇಡಿ. ರಾತ್ರಿ ದಣಿದು ಬಂದಾಗ ನಿರ್ಧಾರದ ಕೆಲಸ ಬೇಡ, ಜೆಸ್ಸೋ ಹಚ್ಚಿ, ಫ್ರೇಮ್ ಬಿಗಿಯಿರಿ, ಪಟ್ಟಿಗಳಿಗೆ ಬಣ್ಣ ಬೆರೆಸಿಡಿ. ಭಾನುವಾರ ಹಗಲು ಬೆಳಕಿನಲ್ಲಿ ಚಿತ್ರಕ್ಕೆ ಕೈ ಹಾಕಿ. ವಾರವಿಡೀ ನೋಡಿದ್ದರಿಂದ ಏನು ಮಾಡಬೇಕು ಅಂತ ಆಗಲೇ ಗೊತ್ತಿರುತ್ತದೆ.

ತಿಂಗಳಿಗೊಮ್ಮೆಯಾದರೂ ಬೇರೆಯವರ ಚಿತ್ರದ ಮುಂದೆ ಹೋಗಿ ನಿಲ್ಲಿ. ಫೋನಿನ ಪರದೆಯಲ್ಲಿ ಪದರ ಕಾಣುವುದಿಲ್ಲ, ಅಳತೆ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಇದೆ. ಇಡೀ ಪ್ರದರ್ಶನ ಓಡಿಕೊಂಡು ನೋಡಬೇಡಿ, ಒಂದೇ ಚಿತ್ರದ ಮುಂದೆ ಕಾಲು ಗಂಟೆ ನಿಲ್ಲಿ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಬೆಳಕು ತೋರಿಸಿಕೊಡುತ್ತದೆ. ಅಂಚಿಗೆ ಕಣ್ಣು ಹಾಯಿಸಿ, ಮೊದಲ ಪದರದ ಬಣ್ಣ ಅಲ್ಲಿ ಇಣುಕುತ್ತಿರುತ್ತದೆ. ಚಿತ್ರಸಂತೆಗೆ ಹೋದರೆ ಕಲಾವಿದರನ್ನೇ ಕೇಳಬಹುದು, ಇದನ್ನು ಹಾಕಿದ್ದು ಮೊದಲೋ ಆಮೇಲೋ ಅಂತ. ಹೆಚ್ಚಿನವರು ಖುಷಿಯಿಂದ ಹೇಳುತ್ತಾರೆ.

ಮುಗಿದ ಚಿತ್ರಕ್ಕೆ

ಮೋಡ ಮುಸುಕಿದ ಹಗಲಿನಲ್ಲಿ, ಫ್ಲ್ಯಾಶ್ ಇಲ್ಲದೆ, ಕ್ಯಾಮೆರಾ ಚಿತ್ರದ ನಡುಮಟ್ಟಕ್ಕೆ ಹಿಡಿದು ಫೋಟೋ ತೆಗೆಯಿರಿ. ವಾರ್ನಿಷ್‌ಗೆ ಅವಸರ ಬೇಡ. ಅಕ್ರಿಲಿಕ್‌ಗೆ ಕೆಲವು ವಾರ, ಎಣ್ಣೆಬಣ್ಣಕ್ಕೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ. ಬೆನ್ನಿಗೆ ಫ್ರೇಮಿನ ಮರದ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು, ವರ್ಷ, ಅಳತೆ, ಯಾವ ಬಣ್ಣ, ಯಾವ ವಾರ್ನಿಷ್ ಅಂತ ಬರೆಯಿರಿ. ಬಟ್ಟೆಯ ಮೇಲೆ ಒತ್ತಿ ಬರೆದರೆ ಮುಂಬದಿಯ ಬಣ್ಣಕ್ಕೆ ಗುರುತು ಬೀಳುತ್ತದೆ. ಮೇಲಿನ ತುದಿ ಯಾವುದು ಅಂತ ಒಂದು ಬಾಣವನ್ನೂ ಹಾಕಿ, ಚಿತ್ರ ತೆಗೆದುಕೊಂಡು ಹೋಗಿ ಗೋಡೆಗೆ ಹಾಕುವವರಿಗೆ ಮೊದಲು ಬೇಕಾಗುವುದು ಅದೇ.